ಮೊದಲು ನಾಷ್ಟಾ ಆಗಲಿ

ಹೊಟ್ಟೆಯ ಮೇಲಿದ್ದ ಚೀಲ ಮತ್ತೆ ಗುರ್ರೆಂದಿತು. ಅರುಂಧತಿ ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ಒತ್ತಿ ಹಿಡಿದಳು. ಚೀಲದೊಳಗೆ ಇದ್ದುದು ಗಂಡನ ಫೋನು. ಗಂಡ ಚಂದ್ರಮೋಹನ ಕೊಂಚ ಮುಂದೆ, ಬಿಳಿ ಟೊಪ್ಪಿಗೆ ಹಾಕಿಕೊಂಡು, ಗೈಡು ಹುಡುಗಿ ಎತ್ತಿ ಹಿಡಿದ ಹಳದಿ ಕೊಡೆಯಿಂದ ಕಣ್ಣು ಕೀಳದೆ ನಡೆಯುತ್ತಿದ್ದ. ವೆನಿಸ್ಸಿನ ಆ ಓಣಿ ಗದಗಿನ ಹಳೇ ಪೇಟೆಯ ಸಂದಿಗಿಂತ ಅಗಲವೇನೂ ಇರಲಿಲ್ಲ. ಅದರೊಳಗೆ ಲೋಕದ ಜನವೆಲ್ಲ ನುಗ್ಗಿತ್ತು. ಮುಂದೆ ಯಾರದೋ ಬೆನ್ನು, ಹಿಂದೆ ಯಾರದೋ ಹೊಟ್ಟೆ, ಅತ್ತಿತ್ತ ಮುಖವಾಡ ಮಾರುವ ಅಂಗಡಿಗಳು. ನಿಲ್ಲುವುದು ತನ್ನ ಕೈಯಲ್ಲಿಲ್ಲ, ನಡೆಯುವುದೂ ತನ್ನ ಕೈಯಲ್ಲಿಲ್ಲ; ಜನ ಸರಿದಷ್ಟು ತಾನೂ ಸರಿಯಬೇಕು. ಎಲ್ಲರ ಕಿವಿಗೂ ಒಂದೊಂದು ಸಣ್ಣ ಸ್ಪೀಕರಿನ ತುಂಡು ಸಿಕ್ಕಿಸಿದ್ದರು, ಅದರಲ್ಲಿ ಗೈಡಿನ ದನಿ ಯಾವನೋ ಸತ್ತ ದೊರೆಯ ವಿಚಾರ ಹೇಳುತ್ತಲೇ ಇತ್ತು. ಮೂರು ವಾರದಿಂದ ಇದೇ ಕತೆ. ಪ್ಯಾರಿಸ್ಸಿನಲ್ಲಿ ಒಬ್ಬ ದೊರೆ, ವಿಯೆನ್ನಾದಲ್ಲಿ ಇನ್ನೊಬ್ಬ. ಎಲ್ಲರೂ ಸತ್ತವರೇ, ಎಲ್ಲರನ್ನು ನೋಡುವುದಕ್ಕೂ ಟಿಕೆಟ್ಟು. ನಾಡಿದ್ದು ಟೊರೊಂಟೊ ವಿಮಾನ. ನಾಡಿದ್ದು ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದು, ಸ್ಟ್ರೀಟ್ಸ್‌ವಿಲ್ಲಿನ ಮನೆಗೆ ಹೋಗಿ, ತನ್ನ ಒಲೆಯ ಮೇಲೆ ತನ್ನ ಚಹಾ ಇಟ್ಟುಕೊಳ್ಳುವುದನ್ನು ನಿನ್ನೆಯವರೆಗೂ ನೆನೆನೆನೆದು ಖುಷಿಪಟ್ಟವಳು ಅವಳು. ಇವತ್ತು ಆ ಮನೆಯ ಬಾಗಿಲು ನೆನಪಾಗುವುದೇ ಬೇಡ ಎನಿಸುತ್ತಿತ್ತು.

ಗಂಡಸರ ಫೋನು ಹೆಂಗಸರ ಚೀಲಕ್ಕೆ ಬಂದದ್ದು ರಾಜಲಕ್ಷ್ಮಿಯ ಕಾಯಿದೆಯಿಂದ. ಟೊರೊಂಟೊ ಪಕ್ಕದ ಮಿಸಿಸಾಗದ ಕನ್ನಡ ಹಿರಿಯರನ್ನು ಒಟ್ಟು ಮಾಡಿ ಈ ಪ್ರವಾಸ ಹೊರಡಿಸಿದವಳು ಅವಳೇ. ಬೆಂಗಳೂರಿನವಳು, ರಿಟೈರಾದ ಡಾಕ್ಟರು, ರಿಟೈರಾಗದ ನಾಲಿಗೆ. ಪ್ಯಾರಿಸ್ಸಿನ ಮೆಟ್ರೊದಲ್ಲಿ ಅವಳ ಗಂಡ ಶ್ರೀಕಾಂತನ ಫೋನನ್ನು ಯಾರೋ ಹಾರಿಸಿದ ದಿನವೇ ಅವಳು ಬಸ್ಸಿನಲ್ಲಿ ಎದ್ದು ನಿಂತು ಘೋಷಿಸಿದ್ದಳು. "ಗಂಡಸರ ಪ್ಯಾಂಟ್ ಪಾಕೆಟ್ ಅಂದ್ರೆ ಕಳ್ಳರಿಗೆ ಓಪನ್ ಇನ್ವಿಟೇಶನ್ ಕಣ್ರೀ. ಇವತ್ತಿಂದ ಎಲ್ಲಾ ಫೋನೂ ಲೇಡೀಸ್ ಬ್ಯಾಗಲ್ಲಿ. ಬ್ಯಾಗು ಮುಂದುಗಡೆ. ಝಿಪ್ ಕ್ಲೋಸ್!" ಅಂದಿನಿಂದ ಹೆಂಗಸರೆಲ್ಲ ಎಂಟು ತಿಂಗಳ ಬಸುರಿಯರ ಹಾಗೆ ಚೀಲ ಮುಂದಿಟ್ಟುಕೊಂಡು ಯುರೋಪು ನೋಡುತ್ತಿದ್ದರು. ಅದನ್ನು ಹೇಳಿ ಚಂದ್ರಮೋಹನ ನಿನ್ನೆ ಎಷ್ಟು ನಕ್ಕಿದ್ದ.

ಇವತ್ತು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವಳು ಎಂದಿನಂತೆ ಅವನ ಫೋನನ್ನು ಚಾರ್ಜರಿನಿಂದ ಕಿತ್ತು ಚೀಲಕ್ಕೆ ಹಾಕಲು ಹೋದಳು. ಕೈಯಲ್ಲಿರುವಾಗಲೇ ಅದು ಮಿಣುಕಿತು. ಗದಗಿನಿಂದ ಲೋಕೇಶ, ಗಂಡನ ಅಣ್ಣನ, ಅಂದರೆ ತನ್ನ ಭಾವನ, ಮಗ. ಒತ್ತಿದಳು. "ಕಾಕಾ, ಅಪ್ಪಾ ಹೋದ್ರು. ಮುಂಜಾನೆ ಎದ್ದು ನೀರು ಕೇಳಿದ್ರು, ಕೊಡೂದ್ರಾಗ ಹೋದ್ರು. ಸಂಜಿ ನಾಕಕ್ಕ ಮಣ್ಣು. ಅಲ್ಲೀತನಕ ನಿಮ್ಮ ಸಲುವಾಗಿ ಕಾಯ್ತೀವಿ. ವಿಡಿಯೋ ಮಾಡ್ರಿ, ಒಮ್ಮೆ ಮುಖಾ ನೋಡ್ರಿ." ಅಲ್ಲಿಯ ನಾಲ್ಕು ಎಂದರೆ ಇಲ್ಲಿಯ ಹನ್ನೆರಡೂವರೆ. ಬೇಕಾದಷ್ಟು ಹೊತ್ತಿತ್ತು. ಬಚ್ಚಲಿನಲ್ಲಿ ನೀರು ನಿಂತಿತು, ಅವನು ಕೆಮ್ಮಿದ, ಬಾಗಿಲು ತೆಗೆದು, ತಲೆ ಒರೆಸಿಕೊಳ್ಳುತ್ತ ಬಂದವನ ಮುಖ ತೊಳೆದ ಮಗುವಿನ ಮುಖದ ಹಾಗಿತ್ತು. "ಇಡ್ಲಿ ಇರ್ತಾವೇನು ಇವತ್ತರೇ?" ಎಂದು ಅವನು ದಿನಾ ಮಾಡುವ ಚೇಷ್ಟೆಯನ್ನೇ ಮಾಡಿದ. ಅವನಿಗೆ ಸಕ್ಕರೆ ಕಾಯಿಲೆ. ಮುಂಜಾನೆ ಗುಳಿಗೆ ನುಂಗಿದ ಮೇಲೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕೈ ನಡುಗಿ ಕೂತಲ್ಲೇ ಕುಸಿಯುತ್ತಾನೆ. ಗುಳಿಗೆಯನ್ನು ಆಗಲೇ ನುಂಗಿದ್ದ. ಈಗ ಹೇಳಿದರೆ ಮಣ್ಣಾಗುವ ತನಕ ಹನಿ ನೀರು ಮುಟ್ಟುವವನಲ್ಲ. ಅವರ ಕಡೆ ಹಾಗೇ: ಸತ್ತವರನ್ನು ಮಣ್ಣಿಗಿಡುವ ತನಕ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಾಯಿಗೆ ಏನೂ ಹಾಕುವುದಿಲ್ಲ. ಅದಕ್ಕೇ ಉಣ್ಣುತ್ತಿರುವವರಿಗೆ, ಉಣ್ಣಲು ಕೂತವರಿಗೆ, ಉಣ್ಣಬೇಕಾದವರಿಗೆ ಯಾರೂ ಸಾವಿನ ಸುದ್ದಿ ಹೇಳುವುದಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ನಡೀರಿ, ಮೊದಲು ನಾಷ್ಟಾ ಆಗಲಿ," ಎಂದಳು. ಮೊದಲು ಎಂಬ ಮಾತು ಬಾಯಿ ತಪ್ಪಿ ಬಂದಿತ್ತು. ಅವನು ಗಮನಿಸಲಿಲ್ಲ.

ನಾಷ್ಟಾ ಆಯಿತು. ಅವನು ಬ್ರೆಡ್ಡು, ಮೊಸರು, ಅರ್ಧ ಸೇಬು ತಿಂದ. ಅವಳು ತಟ್ಟೆಯಲ್ಲಿ ಏನನ್ನೋ ಅತ್ತಿತ್ತ ಮಾಡಿ ಎದ್ದಳು. ಇನ್ನೇನು ಕೋಣೆಗೆ ಕರೆದೊಯ್ದು ಹೇಳಬೇಕು, ಅಷ್ಟರಲ್ಲಿ ರಾಜಲಕ್ಷ್ಮಿ ಚಪ್ಪಾಳೆ ತಟ್ಟಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದಳು. ಬಸ್ಸಿನಲ್ಲಿ ಅಂತ್ಯಾಕ್ಷರಿ. ಬಸ್ಸಿನಿಂದ ದೋಣಿ. ದೋಣಿಯಲ್ಲಿ ಅವನು ಕಟಕಟೆ ಹಿಡಿದು ನಿಂತಿದ್ದ, ನೀರಿನ ಗಾಳಿಗೆ ಅಂಗಿ ಉಬ್ಬುತ್ತಿತ್ತು, ಪಕ್ಕಕ್ಕೆ ಹೋದರೆ ಸಾಕು, "ರೀ" ಎಂದರೆ ಸಾಕು. ದೋಣಿಯಲ್ಲಿ ಹೇಳಿ, ಅವನಿಗೆ ತಲೆ ತಿರುಗಿ ಬಿದ್ದರೆ? ಇಳಿದ ಮೇಲೆ ಹೇಳೋಣ. ಇಳಿದ ಮೇಲೆ ಎಲ್ಲಾದರೂ ನೆರಳಿರುವ ಕಡೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನೂ ಹೀಗೇ ನಿಂತಿದ್ದನಲ್ಲವೆ, ಆವತ್ತು, ಮಿಸಿಸಾಗದ ಆ ಮೊದಲನೆಯ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ, ಕೋಟನ್ನೂ ಬಿಚ್ಚದೆ. ಆಫೀಸಿನಿಂದ ಹೊತ್ತಿಗೆ ಮುಂಚೆ ಬಂದವನೇ ತಾನೇ ರವೆ ಹುರಿದು ಉಪ್ಪಿಟ್ಟು ಮಾಡಿದ್ದ. ಮದುವೆಯಾದಾಗಿನಿಂದ ಒಲೆಯ ಹತ್ತಿರ ಬರದವನು. ಗಂಟುಗಂಟಾದ ಆ ಉಪ್ಪಿಟ್ಟನ್ನು ಅವಳು ನಕ್ಕು ನಕ್ಕು ತಿಂದಿದ್ದಳು, ಇನ್ನೊಂದು ಚಮಚ ಹಾಕಿಸಿಕೊಂಡಿದ್ದಳು ಸಹ. ಪ್ರತಿ ತುತ್ತನ್ನೂ ಅವನು ನೋಡುತ್ತಿದ್ದ. ತಟ್ಟೆ ಖಾಲಿಯಾದ ಮೇಲೆ, "ಅರುಂಧತಿ, ಅವ್ವ ಹೋದಳಂತ," ಎಂದ. ಅವಳ ಅವ್ವ. ಆಗಲೇ ಮಣ್ಣೂ ಆಗಿತ್ತು. ತಾನು ಹಲ್ಲಿಗೆ ಸಿಕ್ಕಿದ ಸಾಸಿವೆ ತೆಗೆಯುತ್ತಿದ್ದಾಗ ಊರಲ್ಲಿ ಅವ್ವನನ್ನು ಕುಣಿಯಲ್ಲಿ ಕೂರಿಸಿಯಾಗಿತ್ತು. ಆವತ್ತಿನಿಂದ ಅವಳ ಮನೆಯಲ್ಲಿ ಉಪ್ಪಿಟ್ಟಿಲ್ಲ. ಯಾಕೆ ಎಂದು ಅವನು ಕೇಳಿಲ್ಲ, ಅವಳು ಹೇಳಿಲ್ಲ.

ಓಣಿ ಕೊನೆಗೊಮ್ಮೆ ಕಕ್ಕಿದ ಹಾಗೆ ಅವರನ್ನು ದೊಡ್ಡ ಚೌಕಕ್ಕೆ ಚೆಲ್ಲಿತು. ಬೂದು ಬಣ್ಣದ ಗುಮ್ಮಟಗಳು, ಪಾರಿವಾಳ, ಎತ್ತ ನೋಡಿದರೂ ಎತ್ತಿದ ಕೈಗಳು, ಕೈಗಳಲ್ಲಿ ಫೋನುಗಳು. ಚಂದ್ರಮೋಹನ ಕಿವಿಯ ತುಂಡು ತೆಗೆದು, ಸೊಂಟದ ಮೇಲೆ ಕೈಯಿಟ್ಟು, ಗುಮ್ಮಟಗಳನ್ನು ನೋಡುತ್ತ ನಿಂತ. ಆಮೇಲೆ ತಿರುಗಿ ಅವಳ ಹತ್ತಿರ ಬಂದ. "ಫೋನ್ ಕೊಡು. ಅಣ್ಣಗ ತೋರಸ್ತೀನಿ ಇದನ್ನ. ಈಗ ಎದ್ದಿರ್ತಾನ, ಮಧ್ಯಾಹ್ನದ ಹೊತ್ತು." ಅವಳು ಚೀಲದ ಝಿಪ್ಪಿಗೆ ಕೈಹಾಕಿದಳು. ಇದೇ ಹೊತ್ತು. ಇದಕ್ಕಿಂತ ಒಳ್ಳೇ ಹೊತ್ತು ಸಿಗುವುದಿಲ್ಲ. ಆದರೆ ಅವನ ಮುಖ ಅಷ್ಟು ಅರಳಿತ್ತು. "ಚಾರ್ಜ್ ಇಲ್ರೀ ಅದರಾಗ," ಎಂದಳು. "ರಾತ್ರಿ ಹಚ್ಚೂದು ಮರತೆ." ಅವನು ಒಂದು ಗಳಿಗೆ ಅವಳನ್ನು ನೋಡಿದ. "ಹಂಗಂದ್ರ ನಿಂದರೇ ಕೊಡು," ಎನ್ನಬಹುದಿತ್ತು. ಎನ್ನಲಿಲ್ಲ. "ಇರಲಿ, ನಾಳೆ ರವಿವಾರ ಐತಲ್ಲ," ಎಂದು ಟೊಪ್ಪಿಗೆ ಸರಿಮಾಡಿಕೊಂಡ.

ಇಲ್ಲಿಯವರೆಗೆ ಅದು ತಡ ಮಾಡುವುದಾಗಿತ್ತು, ಈಗ ಸುಳ್ಳಾಯಿತು. ಅವಳು ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ರಾಜಲಕ್ಷ್ಮಿಗೆ ಹೇಳಿ, ಬಾಣದ ಗುರುತು ಹಿಡಿದು ಹೋದರೆ ಅಲ್ಲೂ ಉದ್ದ ಸಾಲು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಅವಳ ಹಣೆಯ ವಿಭೂತಿಯನ್ನು ನೋಡಿ ನಕ್ಕು, ತನ್ನ ಹಣೆ ಮುಟ್ಟಿಕೊಂಡು, ಬ್ಯೂಟಿಫುಲ್ ಎಂದಳು. ಅರುಂಧತಿ ಥ್ಯಾಂಕ್ಯೂ ಎಂದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಮುಚ್ಚಳದ ಮೇಲೆ ಕೂತು ಫೋನು ತೆಗೆದಳು. ಲೋಕೇಶನ ಕರೆಗಳು ಸಾಲಾಗಿ ನಿಂತಿದ್ದವು. ಕೆಳಗೆ ಬರೆದಿದ್ದ: "ಕಾಕಾ, ಮುಂಜಾನೆನ ನೋಡೀರಿ. ಯಾಕ ಸುಮ್ಮನಾಗೀರಿ? ಅವ್ವ ಕೇಳಾಕತ್ಯಾಳ." ಅವಳಿಗೆ ಮೊದಲು ತಿಳಿಯಲಿಲ್ಲ. ನೋಡೀರಿ ಎಂದರೆ? ಆಮೇಲೆ ಹೊಳೆಯಿತು. ಬೆಳಿಗ್ಗೆ ತಾನು ಒತ್ತಿದ ಕೂಡಲೇ ಅಲ್ಲಿ, ಲೋಕೇಶನ ಫೋನಿನಲ್ಲಿ, ಓದಿದ್ದನ್ನು ತೋರಿಸುವ ಆ ಎರಡು ಗೆರೆ ನೀಲಿಯಾಗಿವೆ. ನೋಡಿದ್ದು ತಾನಲ್ಲ, ಕಾಕಾ. ಓದಿದ್ದು ಕಾಕಾ, ಓದಿ ಸುಮ್ಮನಿದ್ದದ್ದು ಕಾಕಾ. ಹೆಣದ ಸುತ್ತ ಕೂತ ಅಷ್ಟೂ ಜನ ಈಗ ಒಬ್ಬರಿಗೊಬ್ಬರು ಹೇಳುತ್ತಿರುತ್ತಾರೆ: ಕೆನಡಾದವ ನೋಡ್ಯಾನ, ಫೋನ್ ಎತ್ತವಲ್ಲ. ತಾನು ಒಂದು ಬೆರಳಿನಲ್ಲಿ ಅವನನ್ನು ಅವನ ಅಣ್ಣನ ಹೆಣದ ಮುಂದೆ ಕಳ್ಳನನ್ನಾಗಿ ಮಾಡಿದ್ದಳು. ಏನಾದರೂ ಬರೆಯಬೇಕೆಂದು 'ಲೋಕೇಶ' ಎಂದು ಹೊಡೆದಳು, ಅಳಿಸಿದಳು, ಮತ್ತೆ ಹೊಡೆದಳು. ಅತ್ತಲಿಂದ ಕೂಡಲೇ ಬಂತು: "ಬರಿಯಾಕತ್ತೀರೇನ್ ಕಾಕಾ? ಹೇಳ್ರಿ. ಇಲ್ಲೇ ಅದೀನಿ." ಕೈಬೆರಳು ಸುಟ್ಟ ಹಾಗೆ ಫೋನನ್ನು ಚೀಲಕ್ಕೆ ಹಾಕಿದಳು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಾಗ ಕೇಳಿಕೊಂಡಳು: ಇದು ಕರುಣೆಯೋ, ಸೇಡೋ? ಸಕ್ಕರೆ ಕಾಯಿಲೆ ಖರೆ. ಆದರೆ ನಾಷ್ಟಾ ಮುಗಿದು ಎಷ್ಟು ಹೊತ್ತಾಯಿತು! ಆವತ್ತಿನ ಉಪ್ಪಿಟ್ಟಿನ ತಟ್ಟೆಯನ್ನು ಇಷ್ಟು ವರ್ಷ ಕಾದಿಟ್ಟುಕೊಂಡು ಇವತ್ತು ಅವನ ಮುಂದಿಟ್ಟಳೆ? ಅಥವಾ ಭಾವನ ಮೇಲಿನ ಹಳೇ ಸಿಟ್ಟೆ? ಸಿಟ್ಟಿತ್ತು, ಸುಳ್ಳೇಕೆ. ಮೂವತ್ತೈದು ವರ್ಷ ಪ್ರತಿ ರವಿವಾರ ಬೆಳಿಗ್ಗೆ ಗಂಡ ಅಣ್ಣನ ಫೋನಿಗೆ ಕೂತರೆ ಅವಳ ಚಹಾ ಆರುತ್ತಿತ್ತು. ಮನೆ ಕೊಂಡದ್ದು, ಕಾರು ಮಾರಿದ್ದು, ಎಲ್ಲ ಅಲ್ಲಿ ಹೂಂ ಎಂದ ಮೇಲೆ. ಭಾವ ಒಂದು ಚಳಿಗಾಲ ಸ್ಟ್ರೀಟ್ಸ್‌ವಿಲ್ಲಿಗೆ ಬಂದು ಕಿಟಕಿಯ ಬಳಿ ಶಾಲು ಹೊದ್ದು ಕೂತಾಗ, ಅವಳು ಹಿಮದಲ್ಲಿ ರೈಲು, ಬಸ್ಸು, ಟ್ರಾಮು ಹತ್ತಿಳಿದು ಟೊರೊಂಟೊದ ಜೆರಾರ್ಡ್ ಬೀದಿಯ ಇಂಡಿಯನ್ ಬಜಾರಿಗೆ ಹೋಗಿ ಜೋಳದ ಹಿಟ್ಟು ತಂದು ರೊಟ್ಟಿ ಬಡಿದಿದ್ದಳು. ಅವರು ಒಂದು ಚೂರು ಮುರಿದು ಬಾಯಿಗಿಟ್ಟು, "ಇದರಾಗ ಜೀವ ಇಲ್ಲವ್ವಾ ತಂಗಿ," ಎಂದಿದ್ದರು. ಗಂಡ ನಕ್ಕಿದ್ದ. ಆ ನಗು ಇನ್ನೂ ಅವಳ ಕಿವಿಯಲ್ಲಿತ್ತು. ಆದರೆ ಅವ್ವ ಸತ್ತಾಗ, ಯಾರೂ ಹೇಳದೆಯೇ, ಗದಗಿನಿಂದ ಬಸ್ಸು ಹಿಡಿದು ಹೋಗಿ ಕುಣಿಯ ಹತ್ತಿರ ನಿಂತವರೂ ಅದೇ ಭಾವ. ತಮ್ಮ ಪಾಲಿನ ಒಂದು ಹಿಡಿ ಹಾಕಿ, ಮತ್ತೆ ಬಗ್ಗಿ ಇನ್ನೊಂದು ಹಿಡಿ ಎತ್ತಿ, "ಇದು ನಮ್ಮ ಅರುಂಧತೀದು, ದೂರ ಐತಿ ಕೂಸು," ಎಂದು ಹಾಕಿದರಂತೆ. ಭಾವನ ಹೆಂಡತಿ, ನೆಗೆಣ್ಣಿ ದಾನವ್ವ ಅದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅವರು ತಾವಾಗಿ ಒಂದು ಸಲವೂ ಹೇಳಿಕೊಳ್ಳಲಿಲ್ಲ.

ಅವಳು ಓಡಿದಂತೆ ಹೊರಗೆ ಬಂದಳು. ಹೇಳಿಬಿಡಬೇಕು. ಚೌಕದ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಇನ್ನೂ ಹೊತ್ತಿದೆ, ಕಾಯುತ್ತಿದ್ದಾರೆ. ಆದರೆ ಗುಂಪು ಅಲ್ಲಿರಲಿಲ್ಲ. ಹಳದಿ ಕೊಡೆ ಆಗಲೇ ನೀರಿನ ಅಂಚಿನ ಸೇತುವೆಯ ಮೇಲೆ ತೇಲುತ್ತಿತ್ತು. ಜನರನ್ನು ಸರಿಸುತ್ತ, ಎಕ್ಸ್‌ಕ್ಯೂಸ್ ಮಿ ಎನ್ನುತ್ತ, ಕೊನೆಗೆ ಅದನ್ನೂ ಎನ್ನದೆ ನುಗ್ಗಿದಳು. ಸೇತುವೆಯ ಮೆಟ್ಟಿಲ ಅರ್ಧಕ್ಕೆ ಬಂದಾಗ ಎಲ್ಲ ನಿಂತುಹೋಯಿತು. ಅಲ್ಲಿಂದ ಇನ್ನೊಂದು ಸೇತುವೆ ಕಾಣುತ್ತದೆ, ಬಿಳಿ ಕಲ್ಲಿನದು, ಅದರ ಫೋಟೋ ತೆಗೆಯದೆ ಯಾರೂ ಮುಂದಕ್ಕೆ ಹೋಗುವುದಿಲ್ಲ. ಕಿವಿಯ ತುಂಡಿನಲ್ಲಿ ಗೈಡು ಹೇಳುತ್ತಿದ್ದಳು: ಸೆರೆಮನೆಗೆ ಒಯ್ಯುವ ಕೈದಿಗಳು ಆ ಸಣ್ಣ ಕಿಟಕಿಯಿಂದ ಊರನ್ನು ಕೊನೆಯ ಸಲ ನೋಡುತ್ತಿದ್ದರಂತೆ. ಎಲ್ಲರೂ ಓಹ್ ಎಂದರು. ಚಂದ್ರಮೋಹನ ಮೇಲುಗಡೆ, ಕಟ್ಟೆಗೆ ಆತು ನಿಂತಿದ್ದ. ಇಬ್ಬರ ನಡುವೆ ಜನರ ಗೋಡೆ. "ರೀ!" ಎಂದು ಕೂಗಿದಳು. ಅವನ ಕಿವಿ ಮೊದಲೇ ಮಂದ, ಸಾಲದ್ದಕ್ಕೆ ಅದರೊಳಗೆ ಗೈಡಿನ ದನಿ ತುಂಬಿತ್ತು. ಕೈ ಎತ್ತಿದಳು. ಅವನು ನೋಡಿದ. ಫೋಟೋಗೆ ಎಂದುಕೊಂಡು ಟೊಪ್ಪಿಗೆ ತೆಗೆದು, ಕೂದಲು ಸವರಿಕೊಂಡು, ನಕ್ಕ. ಅವಳು ಬೇಡ ಬೇಡವೆಂದು ಕೈಯಾಡಿಸಿದಳು, ಅವನೂ ಕೈಯಾಡಿಸಿದ. ಚೀಲ ಹೊಟ್ಟೆಯ ಮೇಲೆ ನಡುಗತೊಡಗಿತು. ಎರಡೂ ತೋಳು ಜನರ ನಡುವೆ ಸಿಕ್ಕಿ ಝಿಪ್ಪಿಗೆ ಬೆರಳು ಎಟುಕಲಿಲ್ಲ. ಹಿಂದಿದ್ದವನ ಬೆವರು, ಯಾವುದೋ ಮಗುವಿನ ಐಸ್‌ಕ್ರೀಮು ಅವಳ ಸೀರೆಯ ಮೇಲೆ. ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು. ಬಿಡ್ರಿ ನನ್ನ, ಬಿಡ್ರಿ, ಎಂದು ಅವಳು ಕನ್ನಡದಲ್ಲೇ ಕೂಗಿದಳು. ಯಾರೂ ಅವಳನ್ನು ಹಿಡಿದಿರಲಿಲ್ಲ. ಜನ ಕರಗಿ ದಾರಿಯಾಗುವ ಹೊತ್ತಿಗೆ ಫೋನು ಸುಮ್ಮನಾಗಿ ಬಹಳ ಹೊತ್ತಾಗಿತ್ತು.

ಊಟಕ್ಕೆ ಇಂಡಿಯನ್ ಹೋಟೆಲು, ಪ್ಯಾಕೇಜಿನಲ್ಲೇ ಸೇರಿತ್ತು. ಯುರೋಪಿನ ಯಾವ ಊರಿಗೆ ಹೋದರೂ ಅದೇ ರಾಜ್ಮಾ, ಅದೇ ಗುಲಾಬ್‌ಜಾಮೂನು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ದಾಟಿತ್ತು. ಮಣ್ಣಾಗಿತ್ತು. ಇನ್ನು ಅವಸರವೇನಿಲ್ಲ ಎನ್ನುವ ಯೋಚನೆ ಬಂದು, ಅದರಲ್ಲೊಂದು ಹಗುರ ಇದ್ದದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಚಂದ್ರಮೋಹನ ಹಸಿದಿದ್ದ, ಅನ್ನಕ್ಕೆ ರಾಜ್ಮಾ ಕಲಸಿ ತಲೆ ಬಗ್ಗಿಸಿ ಉಂಡ. ಅವಳು ಅವನ ಪ್ರತಿ ತುತ್ತನ್ನೂ ನೋಡುತ್ತಿದ್ದಳು. ಎದುರಿನಿಂದ ರಾಜಲಕ್ಷ್ಮಿ, "ಏನ್ರೀ ಅರುಂಧತಿ, ಡಯಟ್ಟಾ? ಲಾಸ್ಟಲ್ಲಿ ಬಂದು ವೆನಿಸ್ಸಲ್ಲಿ ಡಯಟ್ ಮಾಡ್ತಾರೇನ್ರೀ ಯಾರಾದ್ರೂ," ಎಂದಳು. ಶ್ರೀಕಾಂತ ನಕ್ಕ. ಚಂದ್ರಮೋಹನ ಆಗ ತಲೆಯೆತ್ತಿ ಹೆಂಡತಿಯ ತಟ್ಟೆ ನೋಡಿದ. ಅನ್ನ ಹಾಕಿದ ಹಾಗೇ ಇತ್ತು.

"ಮುಂಜಾನೆನೂ ತಿನ್ನಲಿಲ್ಲ ನೀ," ಎಂದ.

"ಹೊಟ್ಟಿ ಸರಿ ಇಲ್ಲ."

"ನೀರೂ ಕುಡದಿಲ್ಲ."

ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ಅವನು ಗಡಿಯಾರ ನೋಡಿದ, ಅವಳ ಹೊಟ್ಟೆಯ ಮೇಲಿನ ಚೀಲ ನೋಡಿದ, ಎದ್ದು ಕೈ ತೊಳೆದುಕೊಂಡು ಬಂದ. "ಹೊರಗ ಬಾ," ಎಂದ.

ಹೋಟೆಲಿನ ಹಿಂದೆ ಕಾಲುವೆ. ಹಸಿರು ನೀರಿಗೆ ಇಳಿಯುವ ಪಾಚಿಗಟ್ಟಿದ ಮೆಟ್ಟಿಲುಗಳು, ಮುಂದೆ ದಾರಿಯಿಲ್ಲ. ಕೈ ಚಾಚಿದ. ಅವಳು ಝಿಪ್ ಎಳೆದು ಫೋನು ಕೊಟ್ಟಳು. ಅವನು ಕನ್ನಡಕ ಮೇಲೇರಿಸಿ ಓದಿದ. ಮೊದಲನೆಯದನ್ನು ಓದಿ, ಉಳಿದವನ್ನು ಬೆರಳಿನಿಂದ ಸರಿಸುತ್ತ ಕೊನೆಯ ತನಕ ಹೋಗಿ, ಮತ್ತೆ ಮೊದಲನೆಯದಕ್ಕೆ ಬಂದ. ಚಾರ್ಜು ತುಂಬಿಯೇ ಇತ್ತು. ಅದನ್ನೂ ಅವನು ನೋಡಿರಬೇಕು.

"ಗುಳಿಗಿ ನುಂಗಿದ್ರಿ," ಎಂದಳು ಅವಳು. "ನಾಷ್ಟಾ ಆಗಲಿ ಅಂತ. ಆಮ್ಯಾಲೆ... ಆಮ್ಯಾಲೆ ಆಗಲೇ ಇಲ್ಲ."

ಅವನು ನೀರನ್ನು ನೋಡುತ್ತಿದ್ದ. "ನಾನೂ ಹಂಗ ಅಂದ್ಕೊಂಡಿದ್ದೆ, ಆವತ್ತ," ಎಂದ. "ಉಪ್ಪಿಟ್ಟು ಆಗಲಿ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಫೋನು ಅವನ ಕೈಯಲ್ಲೇ ನಡುಗಿತು. ಕಿವಿ ಮಂದವಾದ್ದರಿಂದ ಅವನು ಯಾವಾಗಲೂ ಸ್ಪೀಕರಿಗೇ ಹಾಕುವುದು. ಈಗಲೂ ಹಾಗೇ ಹಾಕಿದ. ಲೋಕೇಶನ ದನಿ ಅತ್ತು ಒಡೆದಿತ್ತು. "ಕಾಕಾ, ಮುಗೀತ್ರಿ. ನಿಮ್ಮ ಸಲುವಾಗಿ ಇನ್ನೂ ಅರ್ಧ ತಾಸು ಕಾಯ್ದಿವಿ, ಸ್ವಾಮೇರು ಹೊತ್ತಾತು ಅಂದ್ರು. ಮುಂಜಾನೆನ ನೋಡಿದ್ರಲ್ಲ ಕಾಕಾ? ಒಮ್ಮೆ ಮುಖಾ ನೋಡಬಾರದಿತ್ತಾ?"

ಅರುಂಧತಿ ಬಾಯಿ ತೆರೆದಳು. ಚಂದ್ರಮೋಹನ ಎಡಗೈ ಎತ್ತಿ ತಡೆದ.

"ಹೌದೋ ತಮ್ಮಾ. ಮುಂಜಾನೆನ ನೋಡೀನಿ," ಎಂದ. "ನಾನ ನೋಡೀನಿ. ಧೈರ್ಯ ಆಗಲಿಲ್ಲ."

ಅತ್ತ ಕಡೆಯಿಂದ ಹೆಂಗಸರ ಅಳು, ಯಾರದೋ ಕೆಮ್ಮು. ಆಮೇಲೆ ಅವನೇ ಕೇಳಿದ, "ನನ್ನ ಕಡಿಂದ ಯಾರರೇ ಮಣ್ಣು ಹಾಕಿದ್ರೇನು?"

"ಹಾಕೀವ್ರಿ. ಅವ್ವ ಹೇಳಿದ್ಲು. ನಿಮ್ಮದೊಂದು ಹಿಡಿ, ಕಾಕೂಂದೊಂದು ಹಿಡಿ. ಅಪ್ಪಾ ಹಂಗ ಮಾಡ್ತಿದ್ರು ಅಂದ್ಲು."

ಅರುಂಧತಿಗೆ ನಾನು, ನಾನು ನೋಡಿದ್ದು, ಎಂದು ಕೂಗಬೇಕೆನಿಸಿತು. ಆದರೆ ಈಗ ಹೇಳಿದರೆ ಅವನು ಸುಳ್ಳನಾಗುತ್ತಿದ್ದ. ಅವಳು ತಪ್ಪು ಒಪ್ಪಿಕೊಳ್ಳುವ ಬಾಗಿಲನ್ನು ಅವನು ಹೊರಗಿನಿಂದ ಹಾಕಿಬಿಟ್ಟಿದ್ದ. ಇನ್ನು ಗದಗಿಗೆ ಹೋದಾಗಲೆಲ್ಲ, ರವಿವಾರದ ಪ್ರತಿ ಫೋನಿನಲ್ಲೂ, ಅವನು ಅಣ್ಣನ ಮುಖ ನೋಡಲಾರದ ಹೇಡಿ. ಅವಳು ಅವನ ಪಕ್ಕದಲ್ಲಿ ಕೂತ ಕಾಕೂ, ಪಾಪ, ಒಂದು ಹಿಡಿ ಮಣ್ಣಿಗೆ ಹಕ್ಕಾದವಳು. ಅವನು ಮಾತು ಮುಗಿಸಿ ಫೋನು ಆರಿಸಿದ. ಅಳಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಈಗ ಉಣ್ಣು ನೀ," ಎಂದ. "ಮಣ್ಣಾತಲ್ಲ."

ಹೋಟೆಲಿನ ಬಾಗಿಲಲ್ಲಿ ರಾಜಲಕ್ಷ್ಮಿ ಕಾಣಿಸಿಕೊಂಡು, ಗ್ರೂಪ್ ಫೋಟೋ ಇದೆ, ಬೇಗ ಬನ್ನಿ ಎಂದು ಕೂಗಿದಳು. ಬಂದ್ವಿರೀ, ಎಂದ ಅವನು, ಯಾವತ್ತಿನ ದನಿಯಲ್ಲೇ. ಆಮೇಲೆ ಫೋನನ್ನು ಹೆಂಡತಿಯ ಕಡೆ ಚಾಚಿದ. "ಒಳಗ ಇಟ್ಕೋ. ಮುಂದ ಮಂದಿ ಭಾಳ ಅದಾರ."

ಅವಳು ಇಟ್ಟುಕೊಂಡಳು. ಅವನು ನೋಡುತ್ತಲೇ ನಿಂತಿದ್ದ, ಝಿಪ್ ಹಾಕುವ ತನಕ.